ಹದ ತಪ್ಪುವ ಮುಂಚೆ ಹಣ: ಕಲಾವಿದರು–ರೈತರ ಜಂಟಿ ಯೋಜನೆಗೆ ಅನುದಾನ ಹೊಂದಿಸುವ ಸಮಗ್ರ ಮಾರ್ಗದರ್ಶಿ

ಹೊಲದಲ್ಲಿ ಕಲಾಕೃತಿ ಮಾಡಲು ಅನುದಾನ ಕೇಳುವ ಅರ್ಜಿಗಳಲ್ಲಿ ಒಂದು ಸಾಲು ಪದೇ ಪದೇ ಕಾಣಸಿಗುತ್ತದೆ: ‘ಸ್ಥಳ: ರೈತರ ಜಮೀನು. ವೆಚ್ಚ: ಇಲ್ಲ.’ ಯೋಜನೆ ಮುಗ್ಗರಿಸುವುದು ಅಲ್ಲೇ. ರೈತರು ಕೊಡುವುದು ಬರೀ ಜಾಗವಲ್ಲ. ಒಂದು ಹಂಗಾಮಿನ ಫಸಲು, ನೀರಿನ ಸರದಿ, ಯಂತ್ರ, ಮನೆಮಂದಿಯ ದುಡಿಮೆ, ಯಾವ ಮಣ್ಣು ಯಾವಾಗ ಕಾಲಿಡಲು ಬಿಡುತ್ತದೆ ಎಂಬ ಅರಿವು, ಇಷ್ಟನ್ನೂ ಕೊಡುತ್ತಾರೆ. ಇವಕ್ಕೆ ಬೆಲೆ ಕಟ್ಟದ ಅರ್ಜಿಗೆ ಅನುದಾನ ಸಿಕ್ಕರೂ, ಮೊದಲ ಮಳೆಗೆ ಒಪ್ಪಂದ ಸಡಿಲವಾಗುತ್ತದೆ.

ಎರಡನೆಯ ತೊಡಕು ಸಮಯದ್ದು. ಅನುದಾನ ಕೊಡುವ ಸಂಸ್ಥೆಗೆ ಹಣಕಾಸು ವರ್ಷವಿದೆ, ಹೊಲಕ್ಕೆ ಹದವಿದೆ. ಹಣ ಬಂದ ಮೇಲೆ ಬಿತ್ತೋಣ ಎಂದು ಮಣ್ಣು ಕಾಯುವುದಿಲ್ಲ. ಕೆಳಗಿನ ಹಂತಗಳನ್ನು ಈ ಎರಡು ತೊಡಕುಗಳನ್ನು ಮುಂದಿಟ್ಟುಕೊಂಡೇ ಜೋಡಿಸಿದೆ.

ಹಂತ 1: ಅರ್ಜಿ ತೆರೆಯುವ ಮುಂಚೆ ಹೊಲದ ಪಟ್ಟಿ

ಕಲಾವಿದರು ಮತ್ತು ರೈತ ಕುಟುಂಬ ಹೊಲದ ಬದುವಿನ ಮೇಲೆ ಕನಿಷ್ಠ ಮೂರು ಸಲ ಜೊತೆಯಾಗಿ ನಡೆಯಬೇಕು: ಒಮ್ಮೆ ಉಳುಮೆಯ ಹೊತ್ತಿಗೆ, ಒಮ್ಮೆ ಪೈರು ನಿಂತಾಗ, ಒಮ್ಮೆ ಕೊಯ್ಲು ಮುಗಿದ ಮೇಲೆ. ಒಂದೇ ಭೇಟಿಯಲ್ಲಿ ಬರೆದ ಅರ್ಜಿ ಒಂದೇ ಋತುವಿನ ಹೊಲವನ್ನು ಕಂಡಿರುತ್ತದೆ. ಒಣ ತಿಂಗಳಲ್ಲಿ ಗಟ್ಟಿಯಾಗಿ ಕಂಡ ದಾರಿ ಮಳೆಯಲ್ಲಿ ಲಾರಿಯನ್ನು ಚಕ್ರದಚ್ಚಿನವರೆಗೆ ನುಂಗುತ್ತದೆ. ಆಗ ಸಾಮಗ್ರಿಯನ್ನು ತಲೆಹೊರೆಯಲ್ಲಿ ಸಾಗಿಸುವ ಕೂಲಿ ಯಾವ ಬಜೆಟ್‌ನಲ್ಲೂ ಇರುವುದಿಲ್ಲ.

ನಡೆಯುತ್ತಲೇ ಈ ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ. ಜಮೀನಿನ ಒಡೆತನ ಯಾರದು, ಉಳುವವರು ಯಾರು? ಗೇಣಿಗೆ ಮಾಡುತ್ತಿದ್ದರೆ ಇಬ್ಬರ ಒಪ್ಪಿಗೆಯೂ ಬರಹದಲ್ಲಿ ಬೇಕು. ಪರಿಹಾರ ಉಳುವವರಿಗೆ, ಅನುಮತಿ ಒಡೆಯರಿಂದ. ದಾಖಲೆಯಲ್ಲಿ ಅಣ್ಣತಮ್ಮಂದಿರ ಹೆಸರೆಲ್ಲ ಇದೆಯೇ? ನೀರು ಎಲ್ಲಿಂದ, ಯಾರ ಸರದಿಯಲ್ಲಿ? ಪಕ್ಕದ ಹೊಲದವರ ಔಷಧ ಸಿಂಪಡಣೆ ಯಾವಾಗ? ಕೊಯ್ಲಾದ ಮೇಲೆ ಊರಿನ ದನಕುರಿ ಅಲ್ಲಿ ಮೇಯುವ ರೂಢಿ ಇದೆಯೇ? ಈ ಕೊನೆಯದನ್ನು ಕೇಳದೆ ಬಿಟ್ಟವರ ನೂಲು, ಬಿದಿರು, ಮೆದೆಯ ಶಿಲ್ಪಗಳು ಮೇವಾದದ್ದುಂಟು.

ರೈತರಿಗೆ ಈ ಕೆಲಸದಲ್ಲಿ ಆಸಕ್ತಿ ಏಕೆ ಎಂಬುದನ್ನೂ ಅವರ ಮಾತಿನಲ್ಲೇ ಬರೆದಿಡಿ. ಹಳೆಯ ಬಿತ್ತನೆ ಬೀಜಕ್ಕೆ ಗಿರಾಕಿ ಬೇಕಿರಬಹುದು, ಹಳ್ಳಿ ಬಿಟ್ಟ ಮಕ್ಕಳು ಒಮ್ಮೆ ತಿರುಗಿ ನೋಡಲಿ ಎಂದಿರಬಹುದು, ಸುಮ್ಮನೆ ಕುತೂಹಲವೂ ಇರಬಹುದು. ‘ಬೇಡ’ ಎಂದರೆ ಅದೂ ಪೂರ್ಣ ಉತ್ತರವೇ. ಜಪಾನಿನ ನಿಗಾಟಾ ಪ್ರಾಂತ್ಯದಲ್ಲಿ 2000ರಲ್ಲಿ ಶುರುವಾದ ಎಚಿಗೊ-ತ್ಸುಮಾರಿ ಕಲಾ ಉತ್ಸವದಲ್ಲಿ ಇಲ್ಯಾ ಮತ್ತು ಎಮಿಲಿಯಾ ಕಬಕೋವ್ ಮೆಟ್ಟಿಲುಗದ್ದೆಗಳ ಮೇಲೆ ರೈತರ ಆಕೃತಿಗಳನ್ನು ನಿಲ್ಲಿಸಿದ ಕೃತಿ ಇಂದು ಹೆಸರುವಾಸಿ. ಆ ಗದ್ದೆಗಳ ಒಡೆಯರು ಮೊದಲು ಒಪ್ಪಿರಲಿಲ್ಲ.

ಹಂತ 2: ಎರಡು ಕ್ಯಾಲೆಂಡರನ್ನು ಒಂದರ ಮೇಲೊಂದು ಇಡಿ

ದೊಡ್ಡ ಹಾಳೆಯಲ್ಲಿ ಹದಿನೆಂಟು ತಿಂಗಳ ಪಟ್ಟಿ ಎಳೆಯಿರಿ. ಮೇಲಿನ ಸಾಲಿನಲ್ಲಿ ಬೆಳೆ: ಉಳುಮೆ, ಗೊಬ್ಬರ, ಬಿತ್ತನೆ ಅಥವಾ ನಾಟಿ, ಕಳೆ, ಹೂ, ಕೊಯ್ಲು, ಒಕ್ಕಣೆ, ಬೀಳು. ಕೆಳಗಿನ ಸಾಲಿನಲ್ಲಿ ಹಣ: ಅರ್ಜಿಯ ಕೊನೆಯ ದಿನ, ತೀರ್ಮಾನ, ಕರಾರಿಗೆ ಸಹಿ, ಮೊದಲ ಕಂತು, ವರದಿ. ಅರ್ಜಿಯಿಂದ ತೀರ್ಮಾನಕ್ಕೆ ಮೂರರಿಂದ ಆರು ತಿಂಗಳು, ತೀರ್ಮಾನದಿಂದ ಮೊದಲ ಕಂತಿಗೆ ಇನ್ನೂ ಒಂದೆರಡು ತಿಂಗಳು ಹಿಡಿದುಕೊಳ್ಳುವುದು ಕ್ಷೇಮ. ಉಳುಮೆ, ಗೊಬ್ಬರದ ತಯಾರಿಯನ್ನೂ ಸೇರಿಸಿಕೊಂಡರೆ, ಬಿತ್ತನೆಗೆ ಒಂಬತ್ತರಿಂದ ಹನ್ನೆರಡು ತಿಂಗಳು ಮುಂಚೆ ಅರ್ಜಿ ಹೋಗಿರಬೇಕು. ಅಷ್ಟು ಸಮಯ ಇಲ್ಲದಿದ್ದರೆ ಈ ಹಂಗಾಮನ್ನು ಬಿಟ್ಟು ಮುಂದಿನದಕ್ಕೆ ಬರೆಯಿರಿ. ಓಡಿಹೋಗಿ ಹಿಡಿಯುವ ಹಂಗಾಮಲ್ಲ ಇದು.

ಬೆಳೆಯೇ ಮಾಧ್ಯಮವಾದಾಗ ತಯಾರಿಯ ಭಾರ ಎಷ್ಟೆಂಬುದಕ್ಕೆ ಕಲಾವಿದೆ ಆಗ್ನೆಸ್ ಡೆನಿಸ್ 1982ರಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್‌ನ ಭರ್ತಿ ನೆಲದಲ್ಲಿ ಬೆಳೆದ ಎರಡು ಎಕರೆ ಗೋಧಿಯನ್ನು ನೋಡಬಹುದು. ಮೇ 1ರಂದು ಬಿತ್ತಿ ಆಗಸ್ಟ್ 16ರಂದು ಕೊಯ್ದ ಆ ಕೃತಿ ನೋಡುಗರ ಕಣ್ಣಿಗೆ ನಾಲ್ಕು ತಿಂಗಳೂ ಇರಲಿಲ್ಲ. ಅದಕ್ಕೆ ಮುಂಚೆ ಸುಮಾರು 200 ಲಾರಿ ಮಣ್ಣು ಬಂತು, ಕಲ್ಲುಕಸ ತೆಗೆದದ್ದಾಯಿತು, 285 ಸಾಲುಗಳನ್ನು ಕೈಯಲ್ಲೇ ತೋಡಿದ್ದಾಯಿತು. ನಂತರವೂ ನೀರು ಹಾಯಿಸುವುದು, ಕಳೆ, ರೋಗದ ಕಾವಲು ತಪ್ಪಲಿಲ್ಲ. ಕೈಗೆ ಬಂದದ್ದು 1000 ಪೌಂಡ್‌ಗೂ ಮಿಕ್ಕ ಗೋಧಿ. ಹಣ ಕರಗುವುದು ಕಾಣುವ ನಾಲ್ಕು ತಿಂಗಳಲ್ಲಿ ಅಲ್ಲ, ಕಾಣದ ತಿಂಗಳುಗಳಲ್ಲಿ.

ಅರ್ಜಿಯಲ್ಲಿ ದಿನಾಂಕ ಕೇಳಿದಲ್ಲಿ ಒಂದು ಜಾಣ್ಮೆ ಬೇಕು. ‘15ನೇ ತಾರೀಕು ಪ್ರದರ್ಶನ’ ಎನ್ನುವ ಬದಲು ‘ಬಿತ್ತಿದ 70ರಿಂದ 85ನೇ ದಿನದೊಳಗೆ ಪ್ರದರ್ಶನ, ಇಂದಿನ ಅಂದಾಜಿನಂತೆ ಇಂಥ ಎರಡು ವಾರ’ ಎಂದು ಬರೆಯಿರಿ. ಮಳೆ ಹದಿನೈದು ದಿನ ತಡವಾದರೆ ತಿದ್ದುಪಡಿ ಅರ್ಜಿ ಹಾಕುತ್ತ ಕೂರಬೇಕಾಗಿಲ್ಲ.

ಹಂತ 3: ಬೆಳೆ ನಷ್ಟದ ಲೆಕ್ಕ

ಜಗಳ ಹುಟ್ಟುವುದು ಸಾಮಾನ್ಯವಾಗಿ ಇಲ್ಲೇ, ಆದ್ದರಿಂದ ನಿಧಾನವಾಗಿ ಮಾಡಿ. ಪರಿಹಾರವನ್ನು ಹಣದಲ್ಲಿ ಗೊತ್ತುಮಾಡಬೇಡಿ, ಕ್ವಿಂಟಲಿನಲ್ಲಿ ಗೊತ್ತುಮಾಡಿ. ಅದನ್ನು ಹಣವಾಗಿಸುವ ದಿನ ಯಾವುದೆಂದು ಕರಾರಿನಲ್ಲಿ ಬರೆಯಿರಿ. ಬಿತ್ತನೆಯ ದಿನದ ಧಾರಣೆಗೂ ಕೊಯ್ಲಿನ ದಿನದ ಧಾರಣೆಗೂ ಅಜಗಜಾಂತರ ಇರಬಹುದು. ಎರಡರಲ್ಲಿ ಹೆಚ್ಚಿನದನ್ನು ಕೊಡುವುದು ನ್ಯಾಯ. ಹೆಚ್ಚಾದ ಪಾಲನ್ನು ತುರ್ತು ನಿಧಿಯಿಂದ ಕೊಡಿ, ಅದಕ್ಕೊಂದು ಮಿತಿ ಹಾಕಿಕೊಳ್ಳಿ.

ಉದಾಹರಣೆಗೆ, ಕೃತಿ ಆಕ್ರಮಿಸುವ ಜಾಗ ಕಾಲು ಎಕರೆ, ಅಂದರೆ ಸುಮಾರು 1000 ಚದರ ಮೀಟರ್. ಆ ಹೊಲದ ಹಿಂದಿನ ಮೂರು ವರ್ಷದ ಸರಾಸರಿ ಇಳುವರಿ ಎಕರೆಗೆ 20 ಕ್ವಿಂಟಲ್. ಹಾಗಾದರೆ ಕಳೆದುಹೋಗುವುದು 5 ಕ್ವಿಂಟಲ್. ಆ ಜಾಗದಲ್ಲಿ ರೈತರಿಗೆ ಉಳಿಯುವ ಗೊಬ್ಬರ ಮತ್ತು ಕೊಯ್ಲಿನ ಖರ್ಚು 1.5 ಕ್ವಿಂಟಲಿಗೆ ಸಮ ಎಂದಿಟ್ಟುಕೊಳ್ಳಿ. ಉಳಿದದ್ದು 3.5. ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು. ಆದರೆ ನೋಡಲು ಬಂದವರು ಕೃತಿಯ ಸುತ್ತ ತುಳಿಯುತ್ತಾರೆ. 32 ಮೀಟರ್ ಚೌಕದ ಸುತ್ತ ಒಂದು ಮೀಟರ್ ಅಗಲದ ಪಟ್ಟಿ ಎಂದರೆ 132 ಚದರ ಮೀಟರ್, ಅದರ ಫಸಲು ಸುಮಾರು 0.65 ಕ್ವಿಂಟಲ್. ಮೊತ್ತ 4.15. ಇನ್ನು ವಾಹನ ನಿಲ್ಲಿಸಿದ ಜಾಗ, ಎಕರೆಯ ಎಂಟನೇ ಒಂದು ಭಾಗ. ಹಸಿ ಮಣ್ಣಿನ ಮೇಲೆ ಚಕ್ರ ಹರಿದರೆ ಮಣ್ಣು ಬಿಗಿದುಕೊಂಡು ಬೇರು ಇಳಿಯುವುದಿಲ್ಲ, ನೀರು ಇಂಗುವುದಿಲ್ಲ. ಇಳುವರಿ ಕುಸಿಯುವುದು ಮುಂದಿನ ಹಂಗಾಮಿನಲ್ಲಿ. ಅಲ್ಲಿನ ಸಹಜ ಫಸಲು 2.5 ಕ್ವಿಂಟಲ್, ಐದನೇ ಒಂದು ಪಾಲು ಕಡಿಮೆಯಾದೀತು ಎಂದು ಹಿಡಿದರೆ 0.5. ಒಟ್ಟು 4.65 ಕ್ವಿಂಟಲ್, ಜೊತೆಗೆ ಕಳೆದುಹೋದ ಹುಲ್ಲು, ಮೇವು. ಮನೆಯಲ್ಲಿ ದನವಿದ್ದರೆ ಮೇವಿನ ಬೆಲೆ ಕಾಳಿನ ಬೆಲೆಗಿಂತ ಮೊದಲು ನೆನಪಾಗುತ್ತದೆ.

ಕೃತಿಯಾಗಿಯೇ ಬೆಳೆದ ಬೆಳೆ ಕೊಯ್ಲಿಗೂ ಬರುವಂತಿದ್ದರೆ ಲೆಕ್ಕ ಬೇರೆ. ಆಗ ನಷ್ಟವೆಂದರೆ ಸಹಜ ಇಳುವರಿಗೂ ಬಂದ ಇಳುವರಿಗೂ ಇರುವ ಅಂತರ. ಒಕ್ಕಣೆಯ ದಿನ ಇಬ್ಬರ ಕಡೆಯವರೂ ನಿಂತು ತೂಗಿಸಿ ಬರೆದುಕೊಳ್ಳಿ.

ಹಂತ 4: ಬಜೆಟ್

ಒಟ್ಟು ಹಣವನ್ನು 100 ಪಾಲು ಮಾಡಿದರೆ, ಒಂದು ಹಂಗಾಮಿನ ಮಧ್ಯಮ ಗಾತ್ರದ ಯೋಜನೆಗೆ ಹೀಗೆ ಶುರುಮಾಡಬಹುದು:

ಕಲಾವಿದರ ಗೌರವಧನ – 24
ರೈತ ಕುಟುಂಬದ ಸಮಯ ಮತ್ತು ಮಾರ್ಗದರ್ಶನ – 20
ಜಮೀನಿನ ಬಾಡಿಗೆ, ಬೆಳೆ ನಷ್ಟ – 10
ಬೀಜ, ಸಾಮಗ್ರಿ, ಯಂತ್ರದ ಬಾಡಿಗೆ – 12
ಕೂಲಿ – 8
ನೋಡುಗರ ವ್ಯವಸ್ಥೆ, ವಿಮೆ – 7
ಚಿತ್ರೀಕರಣ, ದಾಖಲೆ – 4
ಲೆಕ್ಕಪತ್ರ, ಆಡಳಿತ – 5
ಹೊಲವನ್ನು ಮೊದಲಿನ ಸ್ಥಿತಿಗೆ ತರುವುದು – 3
ತುರ್ತು ನಿಧಿ – 7

ಇದು ಚೌಕಟ್ಟು, ಶಾಸನವಲ್ಲ. ಲೋಹದ ಶಿಲ್ಪವಾದರೆ ಸಾಮಗ್ರಿ ಏರುತ್ತದೆ, ನಾಟಕ ಅಥವಾ ಸಂಗೀತವಾದರೆ ನೋಡುಗರ ವ್ಯವಸ್ಥೆ ಏರುತ್ತದೆ. ಆದರೆ ಮೊದಲ ಎರಡು ಸಾಲುಗಳ ನಡುವೆ ದೊಡ್ಡ ಅಂತರ ಬಿಡಬೇಡಿ. ರೈತರ ಸಮಯವನ್ನು ಕೂಲಿ ದರದಲ್ಲಿ ಲೆಕ್ಕ ಹಾಕುವುದು ಸಾಮಾನ್ಯ ತಪ್ಪು. ಬೀಜದ ಆಯ್ಕೆ, ಸಾಲಿನ ಅಂತರ, ಯಾವ ವಾರ ಬಣ್ಣ ತಿರುಗುತ್ತದೆ ಎಂಬ ತೀರ್ಮಾನಗಳು ವಿನ್ಯಾಸದ ಕೆಲಸ. ಅದಕ್ಕೆ ಕಲಾವಿದರ ದಿನದರವೇ ಸಲ್ಲಬೇಕು. ಗುದ್ದಲಿ ಹಿಡಿದ ದಿನಗಳಿಗೆ ಮಾತ್ರ ಕೂಲಿ ಸಾಲು.

ಕಲಾವಿದರೂ ತಮ್ಮ ಗೌರವಧನ ಕತ್ತರಿಸಿಕೊಂಡು ಬಜೆಟ್ ಸರಿದೂಗಿಸಬಾರದು. ಕೆನಡಾದ ಕಲಾವಿದರ ಸಂಘಟನೆ ಕಾರ್‌ಫ್ಯಾಕ್ 1968ರಲ್ಲಿ ಹುಟ್ಟಿದ್ದೇ ಪ್ರದರ್ಶನಕ್ಕೆ ಶುಲ್ಕ ಬೇಕು ಎಂಬ ವಾದದಿಂದ. ಅದು ಪ್ರಕಟಿಸುವ ಕನಿಷ್ಠ ದರಪಟ್ಟಿಯಂಥದ್ದನ್ನು ಅರ್ಜಿಗೆ ಲಗತ್ತಿಸಿದರೆ ದರ ಎಲ್ಲಿಂದ ಬಂತು ಎಂಬ ಪ್ರಶ್ನೆ ಏಳುವುದಿಲ್ಲ.

ಕೆಲವು ನಿಧಿಗಳು ಅರ್ಜಿದಾರರ ಸ್ವಂತ ಪಾಲನ್ನು ಕೇಳುತ್ತವೆ. ಹಣವಿಲ್ಲದಿದ್ದರೆ ವಸ್ತು, ಶ್ರಮದ ರೂಪದಲ್ಲಿ ತೋರಿಸಬಹುದು: ಟ್ರ್ಯಾಕ್ಟರಿನ ಗಂಟೆ, ಬಿತ್ತನೆ ಬೀಜ, ಕೊಠಡಿ. ಇವಕ್ಕೆ ಮಾರುಕಟ್ಟೆಯ ಬಾಡಿಗೆ ದರ ಹಾಕಿ, ದಿನಚರಿ ಪುಸ್ತಕದಲ್ಲಿ ತಾರೀಕು, ಗಂಟೆ, ಸಹಿ ಇಡಿ. ಸಹಿಯಿಲ್ಲದ ಗಂಟೆಯನ್ನು ಲೆಕ್ಕಪರಿಶೋಧಕರು ಹೊಡೆದುಹಾಕುತ್ತಾರೆ. ಒಂದು ಸಾಲಿನಲ್ಲಿ ಹಣವಾಗಿ ಪಡೆದದ್ದನ್ನು ಇನ್ನೊಂದು ಸಾಲಿನಲ್ಲಿ ದೇಣಿಗೆ ಎಂದು ತೋರಿಸಬೇಡಿ.

ಹಂತ 5: ಹಣ ಎಲ್ಲಿಂದ

ಒಂದೇ ಮೂಲದಿಂದ ಅರ್ಧಕ್ಕಿಂತ ಹೆಚ್ಚು ಬರದಂತೆ ನೋಡಿಕೊಂಡರೆ, ಒಬ್ಬರು ಹಿಂದೆ ಸರಿದರೂ ಹೊಲ ಬೀಳು ಬೀಳುವುದಿಲ್ಲ. ಕಲಾ ನಿಧಿಗಳು ಗೌರವಧನ ಮತ್ತು ದಾಖಲೆಗೆ ಸುಲಭವಾಗಿ ಕೊಡುತ್ತವೆ, ಗೊಬ್ಬರಕ್ಕೆ ಹಿಂಜರಿಯುತ್ತವೆ. ಕೃಷಿ ಮತ್ತು ಗ್ರಾಮಾಭಿವೃದ್ಧಿ ನಿಧಿಗಳು ಬೀಜ, ನೀರು, ಮಾರುಕಟ್ಟೆಗೆ ಕೊಡುತ್ತವೆ, ‘ಕಲೆ’ ಎಂಬ ಪದ ಕಂಡರೆ ಹುಬ್ಬೇರಿಸುತ್ತವೆ. ಪರಿಸರ ನಿಧಿಗಳಿಗೆ ಅಳೆಯಬಲ್ಲ ಫಲ ಬೇಕು.

ಎರಡು ಕುರ್ಚಿಗಳ ನಡುವೆ ಬೀಳುವ ಅಪಾಯಕ್ಕೆ ಮೆಲ್ ಚಿನ್ ಅವರ ‘ರಿವೈವಲ್ ಫೀಲ್ಡ್’ ಒಳ್ಳೆಯ ನಿದರ್ಶನ. ವಿಷಲೋಹ ಸೇರಿದ ಮಣ್ಣಿನಿಂದ ಗಿಡಗಳ ಮೂಲಕ ಸತು, ಕ್ಯಾಡ್ಮಿಯಂ ಹೀರಿ ತೆಗೆಯುವ ಈ ಕೃತಿಯನ್ನು ಅವರು ಕೃಷಿ ವಿಜ್ಞಾನಿ ರೂಫಸ್ ಚೇನಿ ಜೊತೆ ಅಮೆರಿಕದ ಮಿನ್ನೆಸೋಟದಲ್ಲಿ ಮಾಡಿದರು. ತಜ್ಞರ ಸಮಿತಿ ಒಪ್ಪಿದ್ದ 10,000 ಡಾಲರ್ ಅನುದಾನವನ್ನು 1990ರಲ್ಲಿ ರಾಷ್ಟ್ರೀಯ ಕಲಾ ನಿಧಿಯ ಅಧ್ಯಕ್ಷರು ತಡೆದರು. ಇದು ಕಲೆಯೋ ವಿಜ್ಞಾನವೋ ಎಂಬುದೇ ತಕರಾರು. ಕಲಾವಿದರು ಮುಖತಃ ಭೇಟಿಯಾಗಿ ವಿವರಿಸಿದ ಮೇಲೆ ಹಣ ಮರಳಿ ಮಂಜೂರಾಯಿತು. ಆದ್ದರಿಂದ ಅರ್ಜಿಗೆ ಮುಂಚೆಯೇ ನಿಧಿಯ ಅಧಿಕಾರಿಯೊಂದಿಗೆ ಮಾತನಾಡಿ, ಯಾವ ಖರ್ಚು ಅವರ ವ್ಯಾಪ್ತಿಗೆ ಬರುತ್ತದೆ ಎಂದು ಕೇಳಿ, ಉತ್ತರವನ್ನು ಇಮೇಲಿನಲ್ಲಿ ಪಡೆದಿಡಿ.

ಮುಂಗಡ ಪಾಲು ಮಾರುವುದು ನಮ್ಮ ದೃಷ್ಟಿಯಲ್ಲಿ ರೈತರಿಗೆ ಅತಿ ಸಹಜವಾಗಿ ಅರ್ಥವಾಗುವ ದಾರಿ. ಹಂಗಾಮಿನ ಮುಂಚೆಯೇ ಗಿರಾಕಿಗಳಿಂದ ಹಣ ಪಡೆದು ಫಸಲು ಹಂಚುವ ಪದ್ಧತಿಯನ್ನೇ 2010ರಲ್ಲಿ ಮಿನ್ನೆಸೋಟದ ‘ಸ್ಪ್ರಿಂಗ್‌ಬೋರ್ಡ್ ಫಾರ್ ದಿ ಆರ್ಟ್ಸ್’ ಕಲೆಗೆ ಅಳವಡಿಸಿತು. ಒಂಬತ್ತು ಕಲಾವಿದರು, ತಲಾ 50 ಕೃತಿ, ಒಬ್ಬರಿಗೆ 1000 ಡಾಲರ್. ಪಾಲೊಂದಕ್ಕೆ 300 ಡಾಲರ್. 50 ಪಾಲು ಮಾರಿದರೆ 15,000. ಕಲಾವಿದರಿಗೆ 9,000 ಹೋಗಿ ನಡೆಸುವ ಖರ್ಚಿಗೆ 6,000. ಇದೇ ಪೆಟ್ಟಿಗೆಯಲ್ಲಿ ಕಾಳಿನ ಚೀಲವನ್ನೂ ಇಟ್ಟರೆ ಇಬ್ಬರಿಗೂ ಬಿತ್ತನೆಗೆ ಮುಂಚೆ ನಗದು ಸಿಗುತ್ತದೆ. ಎಚಿಗೊ-ತ್ಸುಮಾರಿಯಲ್ಲೂ ಹೊರಗಿನವರು ಮೆಟ್ಟಿಲುಗದ್ದೆಯ ಒಂದು ತುಂಡಿಗೆ ವರ್ಷಕ್ಕಿಷ್ಟು ಎಂದು ಕೊಟ್ಟು ಅಕ್ಕಿ ಪಡೆಯುವ ವ್ಯವಸ್ಥೆಯಿದೆ. ಬೆಳೆ ಕೈಕೊಟ್ಟರೆ ಪಾಲುದಾರರಿಗೆ ಏನು ಸಿಗುತ್ತದೆ ಎಂಬುದನ್ನು ರಸೀದಿಯ ಮೇಲೆಯೇ ಅಚ್ಚುಹಾಕಿಸಿ.

ಪ್ರಾಯೋಜಕರ ಹಣ ಬೇಗ ಬರುತ್ತದೆ, ಷರತ್ತೂ ಜೊತೆಗೇ ಬರುತ್ತದೆ. ಜಪಾನಿನ ಇನಾಕಾದಾತೆ ಹಳ್ಳಿಯಲ್ಲಿ 1993ರಿಂದ ಬಣ್ಣಬಣ್ಣದ ಭತ್ತದ ತಳಿಗಳನ್ನು ನಾಟಿ ಮಾಡಿ ಗದ್ದೆಯಲ್ಲೇ ಚಿತ್ರ ಬಿಡಿಸುತ್ತಾರೆ. 2008ರಲ್ಲಿ ಖರ್ಚು ತುಂಬಿಸಲು ಚಿತ್ರದ ಜೊತೆ ಜಾಹೀರಾತನ್ನೂ ನಾಟಿ ಮಾಡಿದಾಗ ಜಮೀನು ಕೊಟ್ಟವರಿಂದ ವಿರೋಧ ಬಂದು ಜಾಹೀರಾತಿನ ಪೈರನ್ನು ಕಿತ್ತುಹಾಕಬೇಕಾಯಿತು. ಲಾಂಛನ ಎಲ್ಲಿ ಬರಬಹುದು, ಎಲ್ಲಿ ಬರಕೂಡದು ಎಂದು ಪ್ರಾಯೋಜಕರ ಬಾಗಿಲು ತಟ್ಟುವ ಮುಂಚೆಯೇ ರೈತರೊಂದಿಗೆ ತೀರ್ಮಾನಿಸಿ.

ಎರಡು ಮೂರು ಮೂಲಗಳಿದ್ದಾಗ ಒಂದು ಕೋಷ್ಟಕ ಬೇಕು: ಎಡಕ್ಕೆ ಖರ್ಚಿನ ಸಾಲು, ಮೇಲೆ ನಿಧಿಗಳ ಹೆಸರು. ಪ್ರತಿ ಖರ್ಚು ಯಾರ ಕಲಮಿನಲ್ಲಿ ಎಷ್ಟು ಎಂದು ತುಂಬಿ. ಒಂದೇ ಬಿಲ್ಲನ್ನು ಇಬ್ಬರಿಗೆ ತೋರಿಸಿದರೆ, ಅದು ಮರೆವಿನಿಂದಾದರೂ, ಹಣ ವಾಪಸು ಕಟ್ಟಬೇಕಾಗುತ್ತದೆ.

ಹಂತ 6: ಅರ್ಜಿ

ಹಣ ಯಾರ ಖಾತೆಗೆ ಬರುತ್ತದೆ ಎಂಬುದು ಮೊದಲ ಪ್ರಶ್ನೆ. ಬಹಳಷ್ಟು ನಿಧಿಗಳು ನೋಂದಾಯಿತ ಸಂಸ್ಥೆಗೆ ಮಾತ್ರ ಕೊಡುತ್ತವೆ. ಸಂಸ್ಥೆಯಿಲ್ಲದಿದ್ದರೆ ರೈತರ ಸಹಕಾರ ಸಂಘವೋ ಟ್ರಸ್ಟೋ ಹಣ ಹಿಡಿದುಕೊಳ್ಳಲು ಒಪ್ಪಬಹುದು. ಅವರ ಸೇವಾಶುಲ್ಕ ಎಷ್ಟು, ಎಷ್ಟು ದಿನದೊಳಗೆ ಹಣ ಬಿಡುಗಡೆ ಮಾಡುತ್ತಾರೆ ಎಂದು ಬರೆಸಿಕೊಳ್ಳಿ.

ಬರವಣಿಗೆಯಲ್ಲಿ ಇಳುವರಿಯನ್ನಾಗಲಿ ನೋಡುಗರ ಸಂಖ್ಯೆಯನ್ನಾಗಲಿ ಭರವಸೆ ಕೊಡಬೇಡಿ. ನಿಮ್ಮ ಕೈಯಲ್ಲಿರುವುದನ್ನು ಕೊಡಿ: ಎಷ್ಟು ಜಾಗದಲ್ಲಿ ಬಿತ್ತನೆ, ಎಷ್ಟು ಕಮ್ಮಟ, ಎಷ್ಟು ದಿನ ತೆರೆದ ಹೊಲ. ರೈತರ ಪತ್ರವನ್ನು ಕಲಾವಿದರು ಬರೆದು ಸಹಿ ಹಾಕಿಸಬಾರದು, ಅದು ಎರಡನೇ ವಾಕ್ಯಕ್ಕೇ ಗೊತ್ತಾಗುತ್ತದೆ. ಅವರು ಮಾತಾಡಲಿ, ನೀವು ಬರೆದುಕೊಂಡು ಓದಿ ಹೇಳಿ, ಆಮೇಲೆ ಸಹಿ. ಜೊತೆಗೆ ಜಮೀನಿನ ನಕ್ಷೆ, ಒಪ್ಪಿಗೆ ಪತ್ರ, ಮೂರು ಋತುವಿನ ಮೂರು ಫೋಟೊ ಲಗತ್ತಿಸಿ.

ಹಂತ 7: ಕರಾರು

ಬೆಳೆಯುವ ಕೃತಿಗೆ ಕಾನೂನಿನ ಆಸರೆ ನೀವು ಅಂದುಕೊಂಡಷ್ಟಿಲ್ಲ. ಶಿಕಾಗೊ ಉದ್ಯಾನದಲ್ಲಿ ಚಾಪ್‌ಮನ್ ಕೆಲಿ ಕಾಡುಹೂಗಳಿಂದ ಮಾಡಿದ ಕೃತಿಯನ್ನು ಉದ್ಯಾನ ಮಂಡಳಿ ಕುಗ್ಗಿಸಿತು. ಪ್ರಕರಣ ಮೇಲ್ಮನವಿ ನ್ಯಾಯಾಲಯಕ್ಕೆ ಹೋದಾಗ, ಜೀವಂತ ತೋಟ ಸದಾ ಬದಲಾಗುತ್ತಿರುತ್ತದೆ, ಹಕ್ಕುಸ್ವಾಮ್ಯಕ್ಕೆ ಬೇಕಾದ ಸ್ಥಿರ ರೂಪ ಅದಕ್ಕಿಲ್ಲ ಎಂದು 2011ರಲ್ಲಿ ತೀರ್ಪಾಯಿತು. ಒಂದು ದೇಶದ ತೀರ್ಪು ಎಲ್ಲೆಡೆ ಅನ್ವಯಿಸದು, ಆದರೂ ಪಾಠ ಎಲ್ಲೆಡೆಗೂ ಸಲ್ಲುತ್ತದೆ: ಹಕ್ಕು ಕಾನೂನಿನಿಂದ ಬರದಿದ್ದರೆ ಕರಾರಿನಿಂದ ಬರಬೇಕು.

ನಾಲ್ಕು ಪುಟ ಸಾಕು, ರೈತರ ಭಾಷೆಯಲ್ಲಿ. ವಿನ್ಯಾಸದ ಶ್ರೇಯ ಯಾರಿಗೆ, ಫೋಟೊ ಮಾರಾಟದ ಪಾಲು ಎಷ್ಟು. ಕಾಳು ಯಾರದು, ಬೀಜ ಯಾರದು. ಮನೆತನದ ಬೀಜವಾದರೆ ಹೊರಗೆ ಕೊಡುವ ಹಕ್ಕು ಕುಟುಂಬದ್ದೇ. ಹುಳ ಬಿದ್ದಾಗ ಔಷಧ ಹೊಡೆಯುವ ತೀರ್ಮಾನ ಯಾರದು? ನಮ್ಮ ಸಲಹೆ ಸ್ಪಷ್ಟ: ರೈತರದೇ, ಮತ್ತು 24 ಗಂಟೆಯೊಳಗೆ, ಸಮಿತಿ ಸೇರುವ ಹೊತ್ತಿಗೆ ಪೈರು ಉಳಿದಿರುವುದಿಲ್ಲ. ಸಿಂಪಡಿಸಿದ ಮೇಲೆ ಎಷ್ಟು ದಿನ ಹೊಲ ಮುಚ್ಚಬೇಕೋ ಡಬ್ಬಿಯ ಮೇಲೆ ಬರೆದಿರುತ್ತದೆ, ಅದನ್ನೇ ಪಾಲಿಸಿ. ನೋಡುಗರು ಗಾಯಗೊಂಡರೆ ಹೊಣೆ ಯೋಜನೆಯ ವಿಮೆಯದು, ರೈತರದ್ದಲ್ಲ. ಯಾವ ದಿನ ಏನೆಲ್ಲ ತೆರವಾಗಬೇಕು. ಜಮೀನು ಮಾರಾಟವಾದರೆ ಏನು. ಕೊನೆಯದಾಗಿ, ಬೆಳೆ ಪೂರ್ತಿ ಹೋದರೂ ಗೌರವಧನ ನಿಲ್ಲುವುದಿಲ್ಲ ಎಂಬ ಮಾತು. ಬರಗಾಲದ ಹೊಲವೂ ಕೃತಿಯ ಭಾಗ ಎಂದು ಅರ್ಜಿಯಲ್ಲೇ ಬರೆದಿದ್ದರೆ ನಿಧಿಯವರೂ ಒಪ್ಪುತ್ತಾರೆ.

ಹಂತ 8: ಕಂತು ಮತ್ತು ಲೆಕ್ಕ

ನಿಧಿಯಿಂದ 40–30–20–10 ರಂತೆ ಕಂತು ಕೇಳಿ: ಸಹಿಯಾದಾಗ, ಬಿತ್ತನೆಗೆ, ಪ್ರದರ್ಶನಕ್ಕೆ, ವರದಿಗೆ. ರೈತರಿಗೆ ಮಾತ್ರ ಬಾಡಿಗೆಯ ಪೂರ್ತಿ ಮತ್ತು ಗೌರವಧನದ ಅರ್ಧ ಬಿತ್ತನೆಗೆ ಮುಂಚೆ ಸಲ್ಲಬೇಕು. ಅವರ ಖರ್ಚು ಮುಂದಾಗಿಯೇ ಬೀಳುತ್ತದೆ. ‘ಮೊದಲು ಖರ್ಚು ಮಾಡಿ, ಬಿಲ್ಲು ತಂದರೆ ಕೊಡುತ್ತೇವೆ’ ಎನ್ನುವ ಅನುದಾನ ಅತ್ಯಂತ ಅಪಾಯದ್ದು. ಅಂಥದ್ದನ್ನು ಒಪ್ಪುವ ಮುಂಚೆ ಒಟ್ಟು ಮೊತ್ತದ ಮೂರನೇ ಒಂದರಷ್ಟು ಕೈಗಡ ಎಲ್ಲಿಂದ ಎಂದು ಗೊತ್ತುಮಾಡಿಕೊಳ್ಳಿ. ಇಲ್ಲದಿದ್ದರೆ ರೈತರೇ ಬಡ್ಡಿಗೆ ಸಾಲ ತಂದು ಕಲೆಗೆ ಬಂಡವಾಳ ಹಾಕಿದಂತಾಗುತ್ತದೆ.

ಹಳ್ಳಿಯಲ್ಲಿ ಅನೇಕ ಖರ್ಚಿಗೆ ಬಿಲ್ಲು ಸಿಗುವುದಿಲ್ಲ. ಹಾಜರಿ ಪುಸ್ತಕ, ಹೆಸರು, ದಿನ, ಮೊತ್ತ, ಸಹಿ ಅಥವಾ ಹೆಬ್ಬೆಟ್ಟು ಇರುವ ವೋಚರು ಸಾಕೇ ಎಂದು ನಿಧಿಯವರನ್ನು ಮೊದಲೇ ಕೇಳಿ. ಪ್ರತಿ ಶನಿವಾರ ಅರ್ಧ ಗಂಟೆ ಕೂತು ಬರೆದರೆ ವರದಿಯ ಹೊತ್ತಿಗೆ ನೆನಪು ಕೆದಕಬೇಕಾಗಿಲ್ಲ. ಒಂದು ಸಾಲಿನಿಂದ ಇನ್ನೊಂದಕ್ಕೆ ಹಣ ಸರಿಸುವುದಾದರೆ ಶೇಕಡಾ 10ರವರೆಗೆ ಸ್ವಾತಂತ್ರ್ಯ ಬೇಕೆಂದು ಕರಾರಿನಲ್ಲೇ ಕೇಳಿಕೊಳ್ಳಿ.

ಹಂತ 9: ಹೊಲ ಒಪ್ಪಿಸುವುದು

ಪ್ರದರ್ಶನ ಮುಗಿದ ದಿನ ಕಲಾವಿದರ ಕೆಲಸ ಮುಗಿದಂತೆ ಕಾಣುತ್ತದೆ, ರೈತರ ತಲೆನೋವು ಆಗ ಶುರು. ತಂತಿ, ಮೊಳೆ, ಪ್ಲಾಸ್ಟಿಕ್ ದಾರ ಮಣ್ಣಿನಲ್ಲಿ ಉಳಿದರೆ ಮುಂದಿನ ಉಳುಮೆಯಲ್ಲಿ ನೇಗಿಲಿಗೋ ದನದ ಹೊಟ್ಟೆಗೋ ಸೇರುತ್ತವೆ. ಒಳಗೆ ಹೋದ ಮೊಳೆಗಳನ್ನು ಎಣಿಸಿ ಬರೆದಿಟ್ಟು, ಹೊರಬಂದದ್ದನ್ನು ಮತ್ತೆ ಎಣಿಸಿ. ಅಯಸ್ಕಾಂತ ಕಟ್ಟಿದ ಕೋಲನ್ನು ಸಾಲುಸಾಲಾಗಿ ಎಳೆದರೆ ತಪ್ಪಿದವು ಸಿಗುತ್ತವೆ. ವಾಹನ ನಿಂತ ಜಾಗವನ್ನು ಮಣ್ಣು ಒಣಗಿದ ಮೇಲೆ ಆಳವಾಗಿ ಉಳುಮೆ ಮಾಡಿಸಿ, ಹಸಿಯಿದ್ದಾಗ ಉತ್ತರೆ ಹೆಂಟೆ ಗಟ್ಟಿಯಾಗಿ ಕೇಡು ಇಮ್ಮಡಿಯಾಗುತ್ತದೆ.

ಮುಂದಿನ ಹಂಗಾಮಿನ ಬಿತ್ತನೆಯಾಗಿ ಮೊಳಕೆ ಒಂದೇ ಸಮ ಎದ್ದದ್ದನ್ನು ರೈತರು ನೋಡಿ ‘ಹೊಲ ಸರಿಯಾಗಿದೆ’ ಎಂದು ಸಹಿ ಮಾಡುವವರೆಗೆ, ಹೊಲ ಸರಿಪಡಿಸುವ 3 ಪಾಲನ್ನೂ ತುರ್ತು ನಿಧಿಯಲ್ಲಿ ಉಳಿದದ್ದನ್ನೂ ಮುಟ್ಟದೆ ಇಡಿ. ನಿಧಿಯ ಗಡುವು ಅದಕ್ಕೆ ಮುಂಚೆ ಮುಗಿಯುವುದಾದರೆ ಆ ಹಣವನ್ನು ಹಣ ಹಿಡಿದಿರುವ ಸಂಘದ ಖಾತೆಯಲ್ಲಿ ಠೇವಣಿಯಾಗಿ ಇಡಲು ಲಿಖಿತ ಅನುಮತಿ ಕೇಳಿ, ಅಂತಿಮ ವರದಿಗೆ ಆ ಪತ್ರದ ಪ್ರತಿಯನ್ನೂ ಸೇರಿಸಿ.